ದಪ್ಪಗಿರುವವರು ಒಂದು ‘ಗುಂಪು’ ಆಗುತ್ತಾರೆಯೇ? ತನ್ನ ದೇಹದ ಬಗೆಗಿನ ಅಸಮಾಧಾನ ಮತ್ತು ಇತರರ ಬಗೆಗಿನ ಪೂರ್ವಗ್ರಹ

ಪ್ರಶ್ನೆ: ಎಂ.ಎ. ವಿದ್ಯಾರ್ಥಿನಿ, ವಿಜಯನಗರ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರ ಎಂ.ಎ. ಎರಡನೆಯ ವರ್ಷ ಓದುತ್ತಿದ್ದೇನೆ. ತಮ್ಮ ದೇಹದ ಬಗ್ಗೆ ಅಸಮಾಧಾನವುಳ್ಳವರು ದಪ್ಪಗಿರುವ ಇತರರನ್ನು ಹೆಚ್ಚು ಕೀಳಾಗಿ ಕಾಣುತ್ತಾರೆಯೇ ಎಂಬುದು ನನ್ನ ಕಿರುಪ್ರಬಂಧದ ವಿಷಯ. ಪ್ರಶ್ನಾವಳಿ ಸಿದ್ಧಪಡಿಸುವ ಹಂತದಲ್ಲಿಯೇ ತೊಡಕಿಗೆ ಸಿಲುಕಿದ್ದೇನೆ.

ಈ ವಿಷಯ ಹೊಳೆದದ್ದು ಪುಸ್ತಕ ಓದುವಾಗಲ್ಲ. ನಾನಿರುವ ಪಿ.ಜಿ.ಯಲ್ಲಿ ನೀರಿನ ಫಿಲ್ಟರಿನ ಕೆಳಗೆ ಒಂದು ತೂಕದ ಯಂತ್ರವಿದೆ. ನನ್ನ ಕೋಣೆಯ ಗೆಳತಿ ಪ್ರತಿ ರಾತ್ರಿ ಕೈಬಳೆ, ಕೂದಲಿನ ಕ್ಲಿಪ್ಪು ಎಲ್ಲವನ್ನೂ ತೆಗೆದಿಟ್ಟು ಅದರ ಮೇಲೆ ನಿಲ್ಲುತ್ತಾಳೆ. ಅಂಕಿ ನೂರು ಗ್ರಾಂ ಏರಿದ್ದರೂ ಮರುದಿನ ಬೆಳಗಿನ ತಿಂಡಿ ಬಿಡುತ್ತಾಳೆ. ನಮ್ಮೆಲ್ಲರಿಗಿಂತ ದಪ್ಪಗಿರುವವಳು ಅವಳೇ. ಕಳೆದ ತಿಂಗಳು ಹೆಚ್ಚುಕಡಿಮೆ ಅವಳದೇ ಮೈಕಟ್ಟಿನ ಇನ್ನೊಬ್ಬ ಹುಡುಗಿ ಹೊಸದಾಗಿ ಬಂದು ಸೇರಿದಳು. ಆ ಹುಡುಗಿ ಎರಡನೆಯ ಸಲ ಅನ್ನ ಬಡಿಸಿಕೊಂಡದ್ದನ್ನು ನೋಡಿ, “ನಾಚಿಕೆ ಇಲ್ಲದೆ ತಿಂತಾಳೆ, ಅದಕ್ಕೇ ಹಾಗಾಗಿದ್ದಾಳೆ” ಎಂದು ಎಲ್ಲರಿಗಿಂತ ಮೊದಲು ಹೇಳಿದವಳು ನನ್ನ ಗೆಳತಿ. ಅವಳು ಕೆಟ್ಟವಳಲ್ಲ. ನನಗೆ ಜ್ವರ ಬಂದಾಗ ರಾತ್ರಿಯಿಡೀ ಎಚ್ಚರವಿದ್ದು ನೋಡಿಕೊಂಡವಳು. ಆದ್ದರಿಂದಲೇ ಆ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ತರಗತಿಯಲ್ಲಿ ನಾವು ಓದಿದ್ದು ಇದಕ್ಕೆ ವಿರುದ್ಧವಾಗಿದೆ. ಮನಶ್ಶಾಸ್ತ್ರಜ್ಞ ಹೆನ್ರಿ ಟಾಜ್‌ಫೆಲ್ ಬ್ರಿಸ್ಟಲ್‌ನ ಶಾಲಾ ಹುಡುಗರನ್ನು, ಯಾರು ಕಲಾವಿದ ಪಾಲ್ ಕ್ಲೇಯ ಚಿತ್ರಗಳನ್ನು ಮೆಚ್ಚಿದರು, ಯಾರು ಕಲಾವಿದ ಕ್ಯಾಂಡಿನ್ಸ್ಕಿಯ ಚಿತ್ರಗಳನ್ನು ಮೆಚ್ಚಿದರು ಎಂಬಂಥ ಕ್ಷುಲ್ಲಕ ನೆಪದಲ್ಲಿ ಎರಡು ಗುಂಪು ಮಾಡಿದಾಗಲೂ, ಆ ಹುಡುಗರು ಮುಖ ನೋಡದ ತಮ್ಮ ಗುಂಪಿನವರಿಗೇ ಹೆಚ್ಚು ಹಣ ಹಂಚಿದರು. ಇಷ್ಟು ಸಣ್ಣ ನೆಪಕ್ಕೇ ‘ನಮ್ಮವರು’ ಎಂಬ ಪಕ್ಷಪಾತ ಹುಟ್ಟುವುದಾದರೆ, ಬಾಲ್ಯದಿಂದ ಒಂದೇ ಬಗೆಯ ಅಣಕವನ್ನು ಕೇಳಿಕೊಂಡು ಬಂದ ಇಬ್ಬರ ನಡುವೆ ಅದು ಏಕೆ ಹುಟ್ಟುವುದಿಲ್ಲ? ನನ್ನ ಮಾರ್ಗದರ್ಶಕರು ಇದನ್ನೇ ಬೇರೆ ರೀತಿಯಲ್ಲಿ ಕೇಳಿದರು: “ದಪ್ಪಗಿರುವವರು ಒಂದು ಗುಂಪು ಎಂದು ಯಾವ ಆಧಾರದ ಮೇಲೆ ಹೇಳುತ್ತೀಯಮ್ಮ?” ನನ್ನ ಬಳಿ ಉತ್ತರವಿರಲಿಲ್ಲ. ಜೊತೆಗೆ, ಇಂಗ್ಲಿಷಿನಲ್ಲಿರುವ ಮಾಪನಗಳನ್ನು (ಮನೋಭಾವವನ್ನು ಅಳೆಯುವ ಹೇಳಿಕೆಗಳ ಪಟ್ಟಿಗಳನ್ನು) ಕನ್ನಡಕ್ಕೆ ತರುವಾಗ ಯಾವ ಪದ ಬಳಸಬೇಕೆಂಬ ಗೊಂದಲವೂ ಇದೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಸಾಮಾಜಿಕ ಮನಶ್ಶಾಸ್ತ್ರದ ಅಧ್ಯಾಪಕ, ಮಲ್ಲೇಶ್ವರ

ನಿಮ್ಮ ಮಾರ್ಗದರ್ಶಕರು ಸರಿಯಾದ ಕಡೆಯೇ ಬೆರಳಿಟ್ಟಿದ್ದಾರೆ. ಗುಂಪು ಎಂದರೆ ಹೊರಗಿನವರು ಹಚ್ಚುವ ಹಣೆಪಟ್ಟಿ ಮಾತ್ರವಲ್ಲ. ಆ ಪಟ್ಟಿಯೊಳಗಿರುವವರು ‘ನಾವು’ ಎಂದುಕೊಂಡಾಗ ಮಾತ್ರ ಟಾಜ್‌ಫೆಲ್ ಹೇಳಿದ ಪಕ್ಷಪಾತಕ್ಕೆ ಅವಕಾಶ. ಟಾಜ್‌ಫೆಲ್ ಮತ್ತು ಟರ್ನರ್ 1979ರಲ್ಲಿ ಮಂಡಿಸಿದ ಸಾಮಾಜಿಕ ಅಸ್ಮಿತೆಯ ಸಿದ್ಧಾಂತದಲ್ಲಿ ಇದಕ್ಕೆ ಒಂದು ಕೀಲಿಕೈ ಇದೆ. ಕೀಳೆನಿಸಿಕೊಂಡ ಗುಂಪಿನಲ್ಲಿರುವವನು ಆ ಗುಂಪಿನ ಗಡಿ ದಾಟಬಹುದು ಎಂದು ನಂಬಿದರೆ, ಗುಂಪಿನ ಮಾನ ಕಾಯುವ ಗೋಜಿಗೆ ಹೋಗದೆ ತಾನೊಬ್ಬನೇ ಹೊರಗೆ ನಡೆಯಲು ನೋಡುತ್ತಾನೆ. ಗಡಿ ದಾಟಲಾಗದು ಎಂದು ಮನಗಂಡರೆ ಮಾತ್ರ ಜೊತೆಯವರೊಂದಿಗೆ ನಿಂತು, ಗುಂಪಿಗೆ ಅಂಟಿಸಿದ ಬೆಲೆಯನ್ನೇ ಪ್ರಶ್ನಿಸುತ್ತಾನೆ. ನಿಮ್ಮ ಗೆಳತಿಯ ಪಾಲಿಗೆ ಆ ತೂಕದ ಯಂತ್ರವೇ ಗಡಿಯ ಬಾಗಿಲು. ಇಂದಲ್ಲ ನಾಳೆ ದಾಟುತ್ತೇನೆ ಎಂದು ಪ್ರತಿ ರಾತ್ರಿ ಅದರ ಮೇಲೆ ನಿಲ್ಲುವವಳು, ಬಾಗಿಲಿನ ಈಚೆಗಿರುವವರನ್ನು ‘ನಮ್ಮವರು’ ಎಂದು ಹೇಗೆ ಕರೆದಾಳು?

ಅಮೆರಿಕದ ಮನಶ್ಶಾಸ್ತ್ರಜ್ಞ ಕ್ರಿಶ್ಚಿಯನ್ ಕ್ರ್ಯಾಂಡಲ್ 1994ರಲ್ಲಿ ಪ್ರಕಟಿಸಿದ ಆರು ಅಧ್ಯಯನಗಳನ್ನು ನೀವು ಓದಲೇಬೇಕು. ಅವರ ಹದಿಮೂರು ಹೇಳಿಕೆಗಳ ಮಾಪನದಲ್ಲಿ ಮೂರು ಭಾಗಗಳಿವೆ. ದಪ್ಪಗಿರುವವರ ಬಗೆಗಿನ ಅಪ್ರಿಯತೆಯನ್ನು ಏಳು ಹೇಳಿಕೆಗಳು, ತಾನೇ ದಪ್ಪವಾಗುವ ಭಯವನ್ನು ಮೂರು, ದಪ್ಪವಾಗುವುದು ಮನಸ್ಸಿನ ಹಿಡಿತವಿಲ್ಲದ್ದರಿಂದ ಎಂಬ ನಂಬಿಕೆಯನ್ನು ಮೂರು ಅಳೆಯುತ್ತವೆ. ಉತ್ತರಿಸಿದವರ ಸ್ವಂತ ತೂಕಕ್ಕೂ ಅಪ್ರಿಯತೆಗೂ ಸಂಬಂಧವೇ ಕಾಣಲಿಲ್ಲ, ಅಂದರೆ ದಪ್ಪಗಿರುವವರು ದಪ್ಪಗಿರುವವರ ಪರ ವಹಿಸಲಿಲ್ಲ. ಅಪ್ರಿಯತೆ ಹೊಂದಿಕೊಂಡದ್ದು ‘ಅವರವರ ಸ್ಥಿತಿಗೆ ಅವರವರೇ ಹೊಣೆ’ ಎಂಬ ನಂಬಿಕೆಯೊಂದಿಗೆ. ಇದೇ ಕ್ರ್ಯಾಂಡಲ್ ಅಮೆರಿಕದ ಕಾಲೇಜು ವಿದ್ಯಾರ್ಥಿನಿಯರ ಬಗ್ಗೆ ಮಾಡಿ 1995ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ದಪ್ಪಗಿರುವ ಹೆಣ್ಣುಮಕ್ಕಳಿಗೆ ಅವರ ತಂದೆತಾಯಂದಿರಿಂದಲೇ ಓದಿನ ಖರ್ಚಿಗೆ ಕಡಿಮೆ ನೆರವು ಸಿಕ್ಕಿದ್ದು ಕಂಡುಬಂತು. ಪೂರ್ವಗ್ರಹ ಹೊರಗಿನವರದು ಎಂಬ ನಮ್ಮ ಕಲ್ಪನೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿಲ್ಲ. ಜಾತಿ, ಧರ್ಮ, ಭಾಷೆಗಳ ವಿಷಯದಲ್ಲಿ ಮನೆಯವರು ನಮ್ಮ ಕಡೆಗಿರುತ್ತಾರೆ. ತೂಕದ ವಿಷಯದಲ್ಲಿ ಎಷ್ಟೋ ಸಲ ಅವರೇ ಎದುರು ಪಕ್ಷ.

ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಎರಡೂ ಜೆನಿಫರ್ ಕ್ರಾಕರ್ ಮತ್ತು ಬ್ರೆಂಡಾ ಮೇಜರ್ ಇದ್ದ ತಂಡಗಳವು. 1991ರ ಅಧ್ಯಯನದಲ್ಲಿ ಕಪ್ಪು ವರ್ಣೀಯ ವಿದ್ಯಾರ್ಥಿಗಳಿಗೆ ಪಕ್ಕದ ಕೋಣೆಯ ಬಿಳಿಯ ಸಹಪಾಠಿಯಿಂದ ನಿರಾಕರಣೆಯ ಮಾತು ಬಂತು. ನಡುವಿನ ಕಿಟಕಿಯ ಪರದೆ ಮೇಲೆದ್ದಿದ್ದು ತಮ್ಮ ಬಣ್ಣ ಆತನಿಗೆ ಕಾಣುತ್ತಿತ್ತು ಎಂದು ತಿಳಿದಿದ್ದವರಿಗೆ ಅದು ಅಷ್ಟಾಗಿ ತಾಗಲಿಲ್ಲ, ಏಕೆಂದರೆ ತಪ್ಪು ಆತನ ಪೂರ್ವಗ್ರಹದ್ದು ಎಂದುಕೊಳ್ಳುವ ದಾರಿ ಅವರಿಗೆ ತೆರೆದಿತ್ತು. ಪರದೆ ಇಳಿದಿದ್ದಾಗ ಅದೇ ಮಾತು ಅವರ ಆತ್ಮಗೌರವವನ್ನು ಕುಗ್ಗಿಸಿತು. 1993ರ ಅಧ್ಯಯನದಲ್ಲಿ ದಪ್ಪಗಿರುವ ಯುವತಿಯರಿಗೆ ಒಬ್ಬ ಯುವಕನಿಂದ ನಿರಾಕರಣೆ ಬಂದಾಗ, ಅದು ತಮ್ಮ ತೂಕದಿಂದಾಗಿಯೇ ಎಂದು ಅವರು ಹೇಳಿದರು, ಆದರೆ ಆತನನ್ನು ದೂರಲಿಲ್ಲ. ಅವರ ಮನಸ್ಸು ಉಳಿದೆಲ್ಲರಿಗಿಂತ ಹೆಚ್ಚು ಕುಸಿಯಿತು. ಕಾರಣ ಗೊತ್ತಿದ್ದೂ ಅದು ಅನ್ಯಾಯವೆಂದು ಅನ್ನಿಸದಿರುವುದು, ನನ್ನ ದೃಷ್ಟಿಯಲ್ಲಿ, ಈ ಇಡೀ ಕ್ಷೇತ್ರದ ಅತ್ಯಂತ ನೋವಿನ ಸಂಗತಿ.

ಇನ್ನು ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ತನ್ನ ಬಗ್ಗೆ ಕೀಳರಿಮೆ ಇರುವವನು ಇತರರನ್ನು ಕೀಳಾಗಿ ಕಾಣುತ್ತಾನೆ ಎಂಬುದು ಎಲ್ಲರೂ ಸುಲಭವಾಗಿ ಒಪ್ಪುವ ಮಾತು, ಆದರೆ ಪುರಾವೆ ಅಷ್ಟು ನೇರವಾಗಿಲ್ಲ. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಿದೆ ಎಂದು ತಿಳಿಸಲಾದವರು ಯಹೂದಿ ಯುವತಿಯೊಬ್ಬಳನ್ನು ಹೆಚ್ಚು ಕೀಳಾಗಿ ಅಳೆದರು ಮತ್ತು ಹಾಗೆ ಅಳೆದ ಮೇಲೆ ಅವರ ಆತ್ಮಗೌರವ ಏರಿತು ಎಂದು ಫೈನ್ ಮತ್ತು ಸ್ಪೆನ್ಸರ್ 1997ರಲ್ಲಿ ತೋರಿಸಿದರು. ಮರುವರ್ಷವೇ ರೂಬಿನ್ ಮತ್ತು ಹ್ಯೂಸ್ಟನ್, ಅಲ್ಲಿಯವರೆಗೆ ಬಂದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ತಾರತಮ್ಯ ಮಾಡಿದವರ ಆತ್ಮಗೌರವ ಏರುತ್ತದೆ ಎಂಬುದಕ್ಕೆ ಆಧಾರ ಇದೆಯೆಂದೂ, ಕಡಿಮೆ ಆತ್ಮಗೌರವವೇ ತಾರತಮ್ಯಕ್ಕೆ ತಳ್ಳುತ್ತದೆ ಎಂಬುದಕ್ಕೆ ಅಂಥ ಆಧಾರ ಇಲ್ಲವೆಂದೂ ಬರೆದರು. ದೇಹದ ವಿಷಯದಲ್ಲಿ ನಿಮಗೆ ಹೆಚ್ಚು ಉಪಯೋಗವಾಗುವುದು ಓಬ್ರಿಯನ್ ಮತ್ತು ಸಂಗಡಿಗರ 2007ರ ಲೇಖನ. ದೇಹದ ಅಸಮಾಧಾನಕ್ಕೂ ದಪ್ಪಗಿರುವವರ ಬಗೆಗಿನ ಪೂರ್ವಗ್ರಹಕ್ಕೂ ನಡುವಿನ ಕೊಂಡಿ, ತನ್ನ ರೂಪವನ್ನು ಇತರರ ರೂಪದೊಂದಿಗೆ ಹೋಲಿಸುವ ಅಭ್ಯಾಸ ಎಂಬುದು ಅವರ ವಾದ. ಫೆಸ್ಟಿಂಗರ್ 1954ರಲ್ಲಿ ಹೇಳಿದ ಸಾಮಾಜಿಕ ಹೋಲಿಕೆಯ ಮುಂದುವರಿಕೆ ಇದು. ನಿಮ್ಮ ಗೆಳತಿಗೆ ಹೊಸ ಹುಡುಗಿಯ ತಟ್ಟೆ ಕಾಣಿಸಿತಲ್ಲ, ಆ ಕಣ್ಣೇ ಆ ಕೊಂಡಿ. ಆದ್ದರಿಂದ ಹೋಲಿಕೆಯ ಅಭ್ಯಾಸವನ್ನು ಪ್ರತ್ಯೇಕವಾಗಿ ಅಳೆಯಿರಿ. ಸಮಾಜ ತೂಕಕ್ಕೆ ಹಚ್ಚಿದ ಕಳಂಕವನ್ನು ತನ್ನ ಬಗ್ಗೆ ನಿಜವೆಂದು ಒಳಗೆ ತೆಗೆದುಕೊಂಡಿರುವುದನ್ನು ಅಳೆಯಲು ಡರ್ಸೊ ಮತ್ತು ಲ್ಯಾಟ್ನರ್ 2008ರಲ್ಲಿ ರೂಪಿಸಿದ ಹನ್ನೊಂದು ಹೇಳಿಕೆಗಳ ಮಾಪನವಿದೆ. ಅದನ್ನೂ ಕ್ರ್ಯಾಂಡಲ್ ಮಾಪನವನ್ನೂ ಒಂದೇ ಎಂದು ಕಲಸಬೇಡಿ. ಒಂದು ತನ್ನತ್ತ ತಿರುಗಿದ್ದು, ಇನ್ನೊಂದು ಇತರರತ್ತ.

ಉತ್ತರ: ಆಪ್ತಸಮಾಲೋಚಕಿ, ಬಸವನಗುಡಿ

ಮೇಲಿನ ಸರ್ ಅವರು ಹೇಳಿದ ಎರಡು ಪ್ರಯೋಗಗಳನ್ನು ಓದುತ್ತಿದ್ದಂತೆ ನನಗೆ ಇಬ್ಬರು ವಿದ್ಯಾರ್ಥಿನಿಯರು ನೆನಪಾದರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಹದಿನೈದು ವರ್ಷಗಳಿಂದ ಪಿ.ಯು. ಮತ್ತು ಪದವಿ ವಿದ್ಯಾರ್ಥಿಗಳೊಂದಿಗೆ ಕೆಲಸ ಮಾಡುತ್ತಿದ್ದೇನೆ. ತೂಕದಷ್ಟೇ, ಕೆಲವು ಸಲ ಅದಕ್ಕಿಂತಲೂ ಹೆಚ್ಚಾಗಿ, ಮೈಬಣ್ಣದ ಮಾತು ನನ್ನ ಕೋಣೆಗೆ ಬರುತ್ತದೆ.

ಒಬ್ಬಳು ರಾಯಚೂರು ಕಡೆಯ ಹುಡುಗಿ. ಹಾಸ್ಟೆಲಿನಲ್ಲಿ ಯಾರೋ ಅವಳಿಗೆ, “ನಿಮ್ಮ ಕಡೆಯವರೆಲ್ಲ ಕಪ್ಪು ಅಲ್ವಾ, ಅಲ್ಲಿನ ಬಿಸಿಲೇ ಹಾಗೆ” ಎಂದರು. ಅವಳು ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು, ಅತ್ತು ಅಲ್ಲ, ಸಿಟ್ಟಿನಿಂದ. “ನಮ್ಮ ಕಡೆ ಬಗ್ಗೆ ಮಾತಾಡೋಕೆ ಇವರ್ಯಾರು ಮೇಡಂ?” ಎಂಬುದು ಅವಳ ಮೊದಲ ಮಾತು. ಇನ್ನೊಬ್ಬಳು ಇಲ್ಲೇ ಹುಟ್ಟಿ ಬೆಳೆದವಳು, ಹೆಚ್ಚುಕಡಿಮೆ ಅದೇ ಬಣ್ಣ. ಮದುವೆ ಮನೆಯಲ್ಲಿ ಸ್ವಂತ ದೊಡ್ಡಮ್ಮ, “ಅಕ್ಕನ ಬಣ್ಣ ಇವಳಿಗೆ ಬರಲಿಲ್ಲ ನೋಡು, ಆದರೂ ಲಕ್ಷಣವಾಗಿದ್ದಾಳೆ” ಎಂದರಂತೆ. ಅವಳು ಯಾರ ಮೇಲೂ ಸಿಟ್ಟಾಗಲಿಲ್ಲ. ಮರುದಿನ ಅಂಗಡಿಗೆ ಹೋಗಿ ಮೂರು ಬಗೆಯ ಕ್ರೀಮು ತಂದಳು, ಗುಂಪು ಫೋಟೋಗಳಲ್ಲಿ ಹಿಂದಿನ ಸಾಲಿಗೆ ಸರಿದಳು, ನನ್ನ ಬಳಿ ಬಂದದ್ದು ಏಳು ತಿಂಗಳ ಮೇಲೆ.

ಬಣ್ಣ ಒಂದೇ, ನೋವು ಒಂದೇ. ಮೊದಲನೆಯವಳಿಗೆ ಮಾತು ತಾಗಿದ್ದು ಊರಿನ ಮೂಲಕ, ಆದ್ದರಿಂದ ಅವಳ ಹಿಂದೆ ಒಂದು ಇಡೀ ಊರು ನಿಂತಿತ್ತು. ಎರಡನೆಯವಳಿಗೆ ಅದು ತಾಗಿದ್ದು ಅಕ್ಕನ ಪಕ್ಕದಲ್ಲಿ ನಿಲ್ಲಿಸಿದಾಗ. ಅಕ್ಕ, ತಂಗಿ, ಅಮ್ಮ ಮೂವರೂ ಮೂರು ಬಣ್ಣವಿರುವ ನಮ್ಮ ಮನೆಗಳಲ್ಲಿ ‘ಕಪ್ಪಗಿರುವ ನಾವು’ ಎಂಬುದು ಹುಟ್ಟುವುದಾದರೂ ಎಲ್ಲಿ? ದಪ್ಪದ ವಿಷಯವೂ ಹೀಗೆಯೇ ಎಂದು ನನಗನ್ನಿಸುತ್ತದೆ. ದೇಹದ ಲಕ್ಷಣವೊಂದನ್ನು ಒಬ್ಬಳ ಕೊರತೆಯೆಂದು ಎತ್ತಿ ಆಡಿದರೆ ಅವಳು ಒಂಟಿ; ಅದನ್ನೇ ಒಂದು ಸಮುದಾಯದ ಗುರುತೆಂದು ಆಡಿದರೆ ಅವಳಿಗೆ ಜೊತೆಯವರಿದ್ದಾರೆ. ಎರಡನೆಯದು ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ, ಅದರಿಂದಾಗುವ ಅವಮಾನ ಬೇರೆ ಬಗೆಯದು. ಆದರೆ ನಿಮ್ಮ ಪ್ರಶ್ನಾವಳಿಯಲ್ಲಿ ‘ಅಣಕಿಸಿದವರು ಯಾರು, ಯಾರೊಂದಿಗೆ ಹೋಲಿಸಿದರು’ ಎಂಬ ಪ್ರಶ್ನೆ ಇರಲೇಬೇಕು.

ಹುಡುಗರನ್ನು ಬಿಡಬೇಡಿ. ಅವರು ದಪ್ಪಕ್ಕಿಂತ ಸಣಕಲು ಮೈಗೆ ಹೆಚ್ಚು ಕೊರಗುತ್ತಾರೆ, ‘ಕಡ್ಡಿ’ ಎಂಬ ಅಡ್ಡಹೆಸರು ಹೊತ್ತು ಜಿಮ್ ಸೇರುತ್ತಾರೆ, ಮನೆಯಲ್ಲಿ ಹೇಳದೆ ಪ್ರೋಟೀನ್ ಪುಡಿ ಕೊಳ್ಳುತ್ತಾರೆ. ‘ದಪ್ಪವೆಂದು ನಿಮಗೆ ಬೇಸರವಿದೆಯೇ’ ಎಂದಷ್ಟೇ ಕೇಳಿದರೆ ಅವರ ಅಸಮಾಧಾನ ನಿಮ್ಮ ಅಂಕಿಗಳಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

ಲಾಲ್‌ಬಾಗ್ ಗೇಟಿನ ಹೊರಗೆ ಬೆಳಗ್ಗೆ ತೂಕದ ಯಂತ್ರ ಇಟ್ಟುಕೊಂಡು ಕೂರುವ ಹಿರಿಯರೊಬ್ಬರ ಬಳಿ ನಾನು ಆಗಾಗ ನಿಂತು ನೋಡಿದ್ದೇನೆ. ಗಂಡಸರು ಚಪ್ಪಲಿ ಬಿಟ್ಟು ಹತ್ತಿ ಅಂಕಿಯನ್ನು ಜೋರಾಗಿ ಓದುತ್ತಾರೆ. ಹೆಂಗಸರಲ್ಲಿ ಹೆಚ್ಚಿನವರು ಮೊಬೈಲು, ಪರ್ಸು, ಕೆಲವರು ದುಪ್ಪಟ್ಟಾವನ್ನೂ ಜೊತೆಯವರ ಕೈಗೆ ಕೊಟ್ಟು ಹತ್ತುತ್ತಾರೆ, ಬಗ್ಗಿ ಒಬ್ಬರೇ ನೋಡಿ ಇಳಿಯುತ್ತಾರೆ. ಜೊತೆಯವರು ಕೇಳಿದರೆ, “ಹೋದ ಸಲದಷ್ಟೇ” ಎನ್ನುತ್ತಾರೆ. ಸಮೀಕ್ಷೆಯಲ್ಲಿ ತೂಕ ಕೇಳುವ ಮೊದಲು ಒಂದು ದಿನ ಅಲ್ಲಿ ಹೋಗಿ ನಿಂತು ಬನ್ನಿ.

ಉತ್ತರ: ಕನ್ನಡ ಉಪನ್ಯಾಸಕ, ಹನುಮಂತನಗರ

ನಾನು ಮನಶ್ಶಾಸ್ತ್ರದವನಲ್ಲ, ಪದದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಮಾಪನವನ್ನು ಅನುವಾದಿಸುವವರು ಸಾಮಾನ್ಯವಾಗಿ ನಿಘಂಟು ತೆರೆದು ‘ಸ್ಥೂಲಕಾಯ’ ಎಂದು ಬರೆದುಬಿಡುತ್ತಾರೆ. ಸ್ಥೂಲಕಾಯ ಎಂಬುದು ಆಸ್ಪತ್ರೆಯ ಗೋಡೆಯ ಮೇಲಿನ ಪದ. ಅದನ್ನು ಓದಿದವರು ಕಾಯಿಲೆಯ ಬಗ್ಗೆ ಯೋಚಿಸಿ ಕನಿಕರದ ಉತ್ತರ ಕೊಡುತ್ತಾರೆಯೇ ಹೊರತು, ಪಕ್ಕದ ಮನೆಯವರ ಬಗ್ಗೆ ಯೋಚಿಸಿ ಮನಸ್ಸಿನಲ್ಲಿದ್ದದ್ದನ್ನು ಹೇಳುವುದಿಲ್ಲ. ‘ಡುಮ್ಮ’, ‘ಡುಮ್ಮಿ’ ಮುದ್ದಿಗೂ ಸಲ್ಲುತ್ತವೆ, ಅಣಕಕ್ಕೂ ಸಲ್ಲುತ್ತವೆ. ‘ಠೊಣಪ’, ‘ದಢಿಯ’ ನೇರವಾದ ಬೈಗುಳಗಳು. ‘ಬೊಜ್ಜು’ ಹೊಟ್ಟೆಯ ಸುತ್ತಲೇ ತಿರುಗುತ್ತದೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ‘ಕೊಬ್ಬು’ ಎಂಬ ಪದಕ್ಕೆ. ‘ಅವನಿಗೆ ಕೊಬ್ಬು’ ಎಂದರೆ ಅವನ ಮೈಯ ಮಾತಲ್ಲ, ಸೊಕ್ಕಿನ ಮಾತು. ‘ಕೊಬ್ಬು ಇಳಿಸುತ್ತೇನೆ’ ಎಂಬುದು ವೈದ್ಯರ ಬಾಯಲ್ಲಿ ಒಂದು, ಜಗಳದಲ್ಲಿ ಇನ್ನೊಂದು. ‘ಕೂತು ತಿಂದು ಮೈ ಬೆಳೆಸಿದ್ದಾನೆ’ ಎಂಬಲ್ಲಿಯೂ ಸೋಮಾರಿತನದ ಆರೋಪ ಮಾತಿನೊಳಗೇ ಕುಳಿತಿದೆ. ಮೇಲೆ ಅಧ್ಯಾಪಕರು ಹೇಳಿದ ‘ಅವರವರೇ ಹೊಣೆ’ ಎಂಬ ನಂಬಿಕೆಯನ್ನು ಅಳೆಯಹೊರಟು, ಆ ನಂಬಿಕೆಯನ್ನು ಹೊತ್ತ ಪದವನ್ನೇ ಪ್ರಶ್ನೆಯಲ್ಲಿಟ್ಟರೆ ಉತ್ತರವನ್ನು ನೀವೇ ಬರೆದುಕೊಟ್ಟಂತಾಗುತ್ತದೆ. ‘ದಪ್ಪಗಿರುವವರು’ ಎಂಬ ಸರಳ ಪದವೇ ನಿಮ್ಮ ಕೆಲಸಕ್ಕೆ ಸರಿ.

ಮನಸ್ಸಿನ ಹಿಡಿತದ ಹೇಳಿಕೆಗಳಿಗೆ ‘ಇಚ್ಛಾಶಕ್ತಿ’ ಎಂದು ಬರೆದರೆ ಅದು ಭಾಷಣದ ಮಾತಾಗುತ್ತದೆ. ನಮ್ಮಲ್ಲಿ ಇದಕ್ಕೆ ‘ಬಾಯಿ ಕಟ್ಟುವುದು’ ಎಂಬ ಮಾತಿದೆ. ಸಕ್ಕರೆ ಕಾಯಿಲೆಯವರು ಬಾಯಿ ಕಟ್ಟುತ್ತಾರೆ, ಬಾಣಂತಿ ಬಾಯಿ ಕಟ್ಟುತ್ತಾಳೆ, ವ್ರತದವರು ಬಾಯಿ ಕಟ್ಟುತ್ತಾರೆ. ‘ಅವಳಿಗೆ ಬಾಯಿ ಕಟ್ಟಲು ಆಗುವುದಿಲ್ಲ’ ಎಂದರೆ ಯಾವ ಓದುಗರಿಗೂ ಅನುಮಾನ ಉಳಿಯದು.

ಇನ್ನೊಂದು ಮಾತು. ನಮ್ಮ ತಾಯಿಯ ತಲೆಮಾರಿಗೆ ‘ಮೈಕೈ ತುಂಬಿಕೊಂಡಿದ್ದಾಳೆ’ ಎಂಬುದು ಹೊಗಳಿಕೆ, ‘ಏಕೆ ಇಷ್ಟು ಇಳಿದುಹೋಗಿದ್ದೀಯ’ ಎಂಬುದು ಕಳವಳ. ನನ್ನ ಮಗಳಿಗೆ ಎರಡನೆಯದು ಹೊಗಳಿಕೆ. ಅಜ್ಜಿ ಕಳವಳಪಟ್ಟು ಹಾಗೆ ಕೇಳಿದಾಗ ಮೊಮ್ಮಗಳು ಖುಷಿಯಿಂದ “ಥ್ಯಾಂಕ್ಸ್ ಅಜ್ಜಿ” ಎಂದದ್ದನ್ನು ಮೊನ್ನೆಯಷ್ಟೇ ನೋಡಿದೆ. ಆದ್ದರಿಂದ ಐವತ್ತು ದಾಟಿದವರನ್ನೂ ಇಪ್ಪತ್ತರವರನ್ನೂ ಒಂದೇ ರಾಶಿಗೆ ಹಾಕಬೇಡಿ.

ಮರುಪ್ರಶ್ನೆ: ಎಂ.ಎ. ವಿದ್ಯಾರ್ಥಿನಿ, ವಿಜಯನಗರ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನನ್ನ ಕರಡಿನಲ್ಲಿ ನಾಲ್ಕು ಕಡೆ ‘ಕೊಬ್ಬು’ ಇತ್ತು, ತೆಗೆದುಹಾಕಿದೆ. ವಯಸ್ಸನ್ನು ಹದಿನೆಂಟರಿಂದ ಇಪ್ಪತ್ತೈದಕ್ಕೆ ಸೀಮಿತಗೊಳಿಸುತ್ತೇನೆ, ಹುಡುಗರನ್ನೂ ಸೇರಿಸಿಕೊಳ್ಳುತ್ತೇನೆ. ಅಣಕಿಸಿದವರು ಯಾರು ಎಂಬ ಪ್ರಶ್ನೆಯನ್ನು ಸೇರಿಸಿದ್ದೇನೆ. ಎರಡು ಸಂದೇಹಗಳು ಉಳಿದಿವೆ: ಪ್ರಶ್ನೆಗಳ ಕ್ರಮ ಹೇಗಿರಬೇಕು? ಮತ್ತು ಹೊಣೆಯ ನಂಬಿಕೆಯ ಬಗೆಗಿನ ಈ ಮಾತುಗಳು ಅಮೆರಿಕದ ವಿದ್ಯಾರ್ಥಿಗಳಿಂದ ಬಂದವು. ಅವು ಭಾರತಕ್ಕೂ ಅನ್ವಯಿಸುತ್ತವೆ ಎಂದು ಮೊದಲೇ ಊಹಿಸಿಕೊಳ್ಳಬಹುದೇ?

ಉತ್ತರ: ಸಾಮಾಜಿಕ ಮನಶ್ಶಾಸ್ತ್ರದ ಅಧ್ಯಾಪಕ, ಮಲ್ಲೇಶ್ವರ

ಊಹಿಸಿಕೊಳ್ಳಬೇಡಿ. ಕ್ರ್ಯಾಂಡಲ್ ಮತ್ತು ಸಂಗಡಿಗರೇ 2001ರಲ್ಲಿ ಆಸ್ಟ್ರೇಲಿಯಾ, ಭಾರತ, ಪೋಲೆಂಡ್, ಟರ್ಕಿ, ಅಮೆರಿಕ, ವೆನೆಜುವೆಲಾ ಎಂಬ ಆರು ದೇಶಗಳನ್ನು ಹೋಲಿಸಿ ನೋಡಿದ್ದಾರೆ. ‘ಅದು ಅವರದೇ ತಪ್ಪು’ ಎಂಬ ನಂಬಿಕೆ ಮತ್ತು ‘ದಪ್ಪವಿರುವುದು ಸಮಾಜದಲ್ಲಿ ಕೀಳು’ ಎಂಬ ಭಾವನೆ ಎರಡೂ ಸೇರಿ ಪೂರ್ವಗ್ರಹವನ್ನು ವಿವರಿಸುವ ಬಗೆ, ವ್ಯಕ್ತಿಪ್ರಧಾನ ಸಂಸ್ಕೃತಿಗಳಲ್ಲಿ ಹೆಚ್ಚು ಬಲವಾಗಿತ್ತು. ನಿಮ್ಮಲ್ಲಿ ಆ ಸಂಬಂಧ ದುರ್ಬಲವಾಗಿ ಬಂದರೆ ಅಳತೆ ಕೆಟ್ಟಿತೆಂದು ಗಾಬರಿಯಾಗಬೇಡಿ, ಅದೇ ಒಂದು ಫಲಿತಾಂಶ. ವಿರೇನ್ ಸ್ವಾಮಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ 26 ದೇಶಗಳ 7,434 ಜನರ ಅಧ್ಯಯನದಲ್ಲಿ, ಆರ್ಥಿಕವಾಗಿ ಹಿಂದುಳಿದ ಸ್ಥಳಗಳ ಜನ ಅನುಕೂಲಸ್ಥ ಸ್ಥಳಗಳವರಿಗಿಂತ ತುಂಬಿದ ಮೈಯನ್ನು ಮೆಚ್ಚಿದ್ದರು. ಬೆಂಗಳೂರಿನ ಒಂದೇ ಪಿ.ಜಿ.ಯಲ್ಲಿ ಹಳ್ಳಿಯಿಂದ ಬಂದವರೂ ಅಪಾರ್ಟ್‌ಮೆಂಟಿನಲ್ಲಿ ಬೆಳೆದವರೂ ಒಟ್ಟಿಗಿರುತ್ತಾರೆ, ಆದ್ದರಿಂದ ಬೆಳೆದ ಊರು ಮತ್ತು ಮನೆಯ ಸ್ಥಿತಿಗತಿಯನ್ನು ಕೇಳಿ.

ಬಾಯಿಮಾತಿನ ಉತ್ತರವನ್ನಷ್ಟೇ ನಂಬಬಾರದು ಎಂಬುದಕ್ಕೆ ಚಾರ್ಲ್ಸ್‌ವರ್ತ್ ಮತ್ತು ಬನಾಜಿ ಅವರ 2019ರ ಲೇಖನ ನೋಡಿ. 2007ರಿಂದ 2016ರವರೆಗೆ ಅಮೆರಿಕದಲ್ಲಿ ಜನಾಂಗ, ಮೈಬಣ್ಣ, ಲೈಂಗಿಕತೆ ಕುರಿತ ಒಳಮನಸ್ಸಿನ (ಬಾಯಿಬಿಟ್ಟು ಹೇಳದ, ತಾನಾಗಿಯೇ ಮೂಡುವ) ಪಕ್ಷಪಾತ ಕಡಿಮೆಯಾಗುತ್ತ ಬಂದರೆ, ತೂಕದ ಕುರಿತಾದದ್ದು ಹೆಚ್ಚಿತು. ಬಾಯಿಮಾತಿನಲ್ಲಿ ಮಾತ್ರ ಎಲ್ಲವೂ ಇಳಿದಿತ್ತು.

ಕ್ರಮದ ಬಗ್ಗೆ: ಇತರರ ಕುರಿತ ಹೇಳಿಕೆಗಳು ಮೊದಲು ಬರಲಿ, ಹೋಲಿಕೆಯ ಅಭ್ಯಾಸ ನಂತರ, ತನ್ನ ದೇಹದ ಪ್ರಶ್ನೆಗಳು ಆಮೇಲೆ. ತೂಕ ಮತ್ತು ಎತ್ತರವನ್ನು ಕಟ್ಟಕಡೆಗೆ ಕೇಳಿ, ‘ಹೇಳಲು ಇಷ್ಟವಿಲ್ಲ’ ಎಂಬ ಆಯ್ಕೆಯನ್ನು ಕೊಡಿ. ತೂಕವನ್ನು ಮೊದಲೇ ಕೇಳಿದರೆ ಲಾಲ್‌ಬಾಗ್ ಗೇಟಿನ ಆ ಯಂತ್ರದ ಮೇಲೆ ನಿಲ್ಲಿಸಿ ಉಳಿದೆಲ್ಲವನ್ನೂ ಕೇಳಿದಂತಾಗುತ್ತದೆ. ಅರ್ಧದಷ್ಟು ಜನರಿಗೆ ಮೊದಲ ಎರಡು ಭಾಗಗಳ ಕ್ರಮವನ್ನು ಅದಲುಬದಲು ಮಾಡಿಕೊಟ್ಟರೆ ಕ್ರಮದ ಪ್ರಭಾವ ಎಷ್ಟೆಂಬುದೂ ತಿಳಿಯುತ್ತದೆ. ನಿಮ್ಮ ಕೋಣೆಯ ಗೆಳತಿಗೆ ಪ್ರಶ್ನಾವಳಿ ಕೊಡಬೇಡಿ. ಆಕೆಯ ಉತ್ತರ ಯಾವುದೆಂದು ನಿಮಗೆ ಗುರುತು ಸಿಕ್ಕಿಬಿಡುತ್ತದೆ. ತಿಂಡಿ ಬಿಡುವುದು ಇನ್ನೂ ನಡೆದಿದ್ದರೆ, ಪ್ರಬಂಧದ ಮಾತನ್ನು ಪಕ್ಕಕ್ಕಿಟ್ಟು ಆಕೆಯೊಂದಿಗೆ ಕುಳಿತು ಮಾತನಾಡಿ, ಆಕೆ ಒಪ್ಪಿದರೆ ಮೇಲಿನ ಮೇಡಂ ಅವರಂಥವರ ಬಳಿಗೆ ಕರೆದುಕೊಂಡು ಹೋಗಿ.